ಮಂಗನ ಕಾಯಿಲೆಯ ಮಾಡೆಲ್: ಜ್ವರ ಅನುಭವಿಸಿದವರನ್ನು ಲೆಕ್ಕಕ್ಕೆ ಕೂರಿಸಿಕೊಳ್ಳುವ ಬಗೆ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮಾಡೆಲ್, ಅಂದರೆ ರೋಗ ಎಲ್ಲಿ, ಯಾವಾಗ ಬಂದೀತು ಎಂದು ಅಂದಾಜಿಸುವ ಲೆಕ್ಕ, ಕಟ್ಟುವವರು ಊರಿನವರನ್ನು ಕರೆಯುವುದು ಸಾಮಾನ್ಯವಾಗಿ ಕೊನೆಗೆ, ನಕ್ಷೆಗೆ ಬಣ್ಣ ತುಂಬಿದ ಮೇಲೆ. ಅಷ್ಟರಲ್ಲಿ ತಪ್ಪು ಸಮೀಕರಣದೊಳಗೇ ಕೂತಿರುತ್ತದೆ. ಯಾವ ಯಾವ ಅಂಶ ಲೆಕ್ಕಕ್ಕೆ ಸೇರಬೇಕು ಎಂದು ಪಟ್ಟಿ ಮಾಡುವ ದಿನವೇ ಅವರು ಎದುರಿಗಿರಬೇಕು.

ಸೋಂಕು ತಗಲುವ ಅವಕಾಶವನ್ನು 'ತಿಂಗಳಿಗೆ ಎಷ್ಟು ಸಲ ಕಾಡಿಗೆ ಹೋಗುತ್ತೀರಿ' ಎಂದು ಕೇಳಿ ಅಳೆದರೆ, 'ನಾವೆಲ್ಲಿ ಕಾಡಿಗೆ ಹೋಗ್ತೀವಿ' ಎಂಬ ಉತ್ತರ ಬಂದೀತು. ಅದು ಸುಳ್ಳಲ್ಲ. ಮನೆ ಹಿಂದಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ) ಅವರ ಮಾತಿನಲ್ಲಿ ಕಾಡಲ್ಲ. ಆದರೆ ಅಲ್ಲಿ ಗುಡಿಸಿದ ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಬರುತ್ತದೆ, ಅದರ ಜೊತೆ ಎಳೆಯ ಉಣುಗೂ ಬರಬಹುದು. ಮನುಷ್ಯರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಈ ಎಳೆಯ ಹಂತದ್ದೇ. 'ಕಾಡಿಗೆ ಭೇಟಿ' ಎಂಬ ಒಂದೇ ಅಂಕಿಯ ಬದಲು ದರಕು, ಸೌದೆ, ದನ ಮೇಯಿಸುವುದು, ತೋಟದ ಕೆಲಸ ಎಂದು ನಾಲ್ಕು ಮಾಡಿ.

ದನದ ಲೆಕ್ಕವೂ ಹಾಗೇ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಬಲಿತ ಉಣುಗಿಗೆ ರಕ್ತ ಸಿಗುವುದು ಅದರಿಂದ. ಜಾನುವಾರು ಗಣತಿಯ ಒಟ್ಟು ಸಂಖ್ಯೆಯಲ್ಲಿ ಕಟ್ಟಿ ಮೇಯಿಸುವ ಜೆರ್ಸಿಯೂ ಒಂದು, ಬೆಟ್ಟಕ್ಕೆ ಬಿಡುವ ಮಲೆನಾಡು ಗಿಡ್ಡವೂ ಒಂದು. ಎಷ್ಟನ್ನು ಬಿಡುತ್ತಾರೆ ಎಂಬುದು ಮೇಯಿಸುವವರಿಗೇ ಗೊತ್ತು.

ಇದನ್ನೆಲ್ಲ ಕೇಳಲು ಊರಿನವರ ಸಭೆ ಸೇರಿಸಿ. ಒಂದು ಗುಂಪಿಗೆ ಎಂಟರಿಂದ ಹತ್ತು ಜನ ಸಾಕು: ಜ್ವರ ಬಂದು ಗುಣವಾದ ನಾಲ್ವರು, ಆರೈಕೆ ಮಾಡಿದ ಇಬ್ಬರು, ಉಳಿದವರು ದರಕು ತರುವವರು ಮತ್ತು ದನ ಮೇಯಿಸುವವರು. ಹೆಂಗಸರಿಗೆ ಬೇರೆ ಕೂಟ ಇಡಿ. ಆಶಾ ಕಾರ್ಯಕರ್ತೆ ಜೊತೆಗಿರಲಿ, ಸಭೆ ನಡೆಸುವುದು ಬೇಡ. ಅವರೆದುರು 'ಆಸ್ಪತ್ರೆಗೆ ತಡವಾಗಿ ಹೋದೆ' ಎನ್ನಲು ಜನ ಹಿಂಜರಿಯುತ್ತಾರೆ. ಪಂಚಾಯಿತಿ ಸಭಾಂಗಣಕ್ಕಿಂತ ಯಾರದ್ದಾದರೂ ಮನೆಯ ಜಗಲಿ ವಾಸಿ. ಸೆಪ್ಟೆಂಬರ್ ಸರಿಯಾದ ತಿಂಗಳು: ನಾಟಿ ಮುಗಿದಿರುತ್ತದೆ, ಅಡಿಕೆ ಕೊಯ್ಲು ಜೋರಾಗಿರುವುದಿಲ್ಲ, ಕಾಯಿಲೆಯ ಕಾಲಕ್ಕೂ ಸಮಯವಿದೆ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿ, ಹಾಲು ಕರೆಯುವ ಹೊತ್ತಿಗೆ ಬಿಟ್ಟುಬಿಡಿ. ಆ ದಿನದ ಕೂಲಿ, ಬಸ್ ಚಾರ್ಜು ಅವತ್ತೇ ಕೈಗೆ ಸಿಗಬೇಕು. 'ಬ್ಯಾಂಕಿಗೆ ಹಾಕ್ತೀವಿ' ಎಂದರೆ ಎರಡನೇ ಸಭೆಗೆ ಯಾರೂ ಬರುವುದಿಲ್ಲ.

ತಿಂಗಳ ಲೆಕ್ಕಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಮನೆ ಬರೆಯಿರಿ. ಜನವರಿ, ಫೆಬ್ರವರಿ ಎನ್ನಬೇಡಿ. ದೀಪಾವಳಿ, ಎಳ್ಳಮಾವಾಸ್ಯೆ, ಶಿವರಾತ್ರಿ, ಯುಗಾದಿಯ ಗುರುತು ಹಾಕಿ. ಒಬ್ಬೊಬ್ಬರಿಗೂ 20 ಹುಣಸೆಬೀಜ ಕೊಟ್ಟು, ದರಕಿನ ಕೆಲಸ ಎಲ್ಲಿ ಹೆಚ್ಚೋ ಅಲ್ಲಿ ಹೆಚ್ಚು ಬೀಜ ಇಡಲು ಹೇಳಿ. ಒಂದು ಮನೆಯಲ್ಲಿ 7 ಬಿದ್ದರೆ ಆ ತಿಂಗಳ ತೂಕ 0.35 (20ರಲ್ಲಿ 7). ಎಲ್ಲ ತಿಂಗಳೂ ಸಮ ಎಂದುಕೊಂಡಿದ್ದರೆ ಅದು 0.08ರಷ್ಟೇ ಇರುತ್ತಿತ್ತು. ಒಂದೇ ರಾಶಿ ಬೀಜ ಕೊಟ್ಟರೆ ಜೋರು ದನಿಯವರೇ ಎಲ್ಲವನ್ನೂ ಇಟ್ಟುಬಿಡುತ್ತಾರೆ. ಸರಾಸರಿಯೊಂದನ್ನೇ ಹಿಡಿಯಬೇಡಿ, ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ಹಾಕಿ ಮಾಡೆಲ್ ಓಡಿಸಿ.

ಆಮೇಲೆ ದಿನಗಳ ಲೆಕ್ಕ. ಉಣುಗು ಕಚ್ಚಿ ಜ್ವರ ಕಾಣಲು 3ರಿಂದ 8 ದಿನ. ಅದರ ಮೇಲೆ ಯಾವ ದಿನ ಮಾತ್ರೆ ನುಂಗಿದರು, ಯಾವ ದಿನ ರಕ್ತ ಕೊಟ್ಟರು ಎಂದು ಕೇಳಿ. ಈ ತಡ ಸೇರಿಸದಿದ್ದರೆ ಸೋಂಕು ತಗಲಿದ ವಾರವೇ ಮುಂದಕ್ಕೆ ಸರಿಯುತ್ತದೆ. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸುತ್ತದೆ. ವಿಚಾರಿಸದೆ ದಾಖಲೆ ಕೂಡಿಸಿದರೆ ಒಬ್ಬರೇ ಇಬ್ಬರಾಗುತ್ತಾರೆ. ಸತ್ತ ಮಂಗದ ವರದಿಯಲ್ಲಿ 'ಸೊನ್ನೆ' ಇದ್ದರೆ ಸಾವಿರಲಿಲ್ಲವೋ, ಆ ಕಡೆ ಯಾರೂ ನಡೆಯಲಿಲ್ಲವೋ, ಅದನ್ನೂ ಕೇಳಿ. ಎರಡನೆಯದಾದರೆ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ.

ಹೆಚ್ಚು ಎಚ್ಚರ ಬೇಕಾದ್ದು ನಕ್ಷೆಯಲ್ಲಿ. ನಡೆವ ದಾರಿ ಗುರುತಿಸಿ ಎಂದ ಕೂಡಲೇ ಬಗರ್ ಹುಕುಂ ಮಾಡಿದವರು ಬಾಯಿ ಮುಚ್ಚುತ್ತಾರೆ, ಅರಣ್ಯ ಇಲಾಖೆಗೆ ಹೋದೀತೆಂಬ ಭಯ. ಜಿಪಿಎಸ್ ಚುಕ್ಕಿ ಬೇಡ. ಒಂದು ಕಿಲೋಮೀಟರ್ ಚೌಕದಲ್ಲಿ ತುಂಬಿ, ಹೆಸರು ಬರೆಯಬೇಡಿ, ಹಾಗೆಂದು ಮೊದಲೇ ಹೇಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮತಿಯೂ ಮೊದಲೇ ಆಗಿರಬೇಕು. ಸಾವಾದ ಮನೆಯವರನ್ನು ಗುಂಪಿನಲ್ಲಿ ಸಾವಿನ ಬಗ್ಗೆ ಕೇಳಬೇಡಿ.

ಕರಡು ನಕ್ಷೆ ತೋರಿಸಿ 'ಸರಿ ಇದೆಯಾ' ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅದು ಮರ್ಯಾದೆಗೆ. ಬೇರೆಬೇರೆ ಊಹೆಯಿಂದ ಬಂದ ಎರಡು ನಕ್ಷೆ ಹರಡಿ, ಯಾವುದು ನಿಮ್ಮ ಊರಿನಂತಿದೆ, ಯಾಕೆ ಎಂದು ಕೇಳಿ. ಬಂದ ಮಾತನ್ನು ನೋಟ್ ಪುಸ್ತಕದ ಮೂರು ಕಲಂನಲ್ಲಿ ಬರೆಯಿರಿ: ಏನು ಹೇಳಿದರು, ಮಾಡೆಲ್‌ನಲ್ಲಿ ಏನು ಬದಲಾಯಿತು, ಬದಲಾಗದಿದ್ದರೆ ಯಾಕೆ. ಮುಂದಿನ ಸಭೆ ಶುರುವಾಗುವುದು ಮೂರನೇ ಕಲಂ ಓದುವುದರಿಂದ.