ಬ್ಲೇಡ್ ಹೊಸದು, ಸೋತಿರುವುದು ಕೈ

ಹಳೇ ಕಾರಿನ ವೈಪರ್ ಸರಿಯಾಗಿ ಒರೆಸುತ್ತಿಲ್ಲ ಎಂದರೆ ಎಲ್ಲರೂ ಮೊದಲು ಹೊಸ ಬ್ಲೇಡ್ ತರುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ. ಆಮೇಲೆ ಗಾಜಿನ ನಡುವೆ ಮತ್ತೆ ಅದೇ ನೀರಿನ ಪಟ್ಟೆ. ಇನ್ನೂ ದುಬಾರಿ ಬ್ಲೇಡ್ ತರುತ್ತಾರೆ. ಒಂದೇ ಮಳೆಗಾಲದಲ್ಲಿ ಮೂರು ಜೊತೆ ಬ್ಲೇಡ್ ಬದಲಿಸಿದವರನ್ನು ನೋಡಿದ್ದೇನೆ. ಮೂರೂ ಜೊತೆ ಚೆನ್ನಾಗೇ ಇದ್ದವು. ಅವನ್ನು ಗಾಜಿಗೆ ಒತ್ತಿ ಹಿಡಿಯಬೇಕಾದ ಆರ್ಮ್ ಸೋತು ಹೋಗಿತ್ತು.

ಆರ್ಮ್ ಅಂದರೆ ಬ್ಲೇಡ್ ಹಿಡಿದಿರುವ ಲೋಹದ ಕೈ. ಅದರ ಬುಡದ ಹತ್ತಿರ ಒಂದು ಕೀಲು ಇದೆ. ಕೀಲಿನ ಹಿಂದೆ, ಆರ್ಮಿನ ಹೊಟ್ಟೆಯೊಳಗೆ, ಒಂದು ಸ್ಪ್ರಿಂಗ್ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಬ್ಲೇಡ್ ಗಾಜಿಗೆ ಅಂಟಿಕೊಳ್ಳುವುದು ಆ ಸ್ಪ್ರಿಂಗಿನ ಬಲದಿಂದಲೇ. 1903ರಲ್ಲಿ ಅಮೆರಿಕದ ಮೇರಿ ಆ್ಯಂಡರ್ಸನ್ ಪೇಟೆಂಟ್ ಪಡೆದ ವೈಪರನ್ನು ಒಳಗಿಂದ ಕೈಯಲ್ಲಿ ಆಡಿಸಬೇಕಿತ್ತು. ರಬ್ಬರನ್ನು ಗಾಜಿಗೆ ಒತ್ತಿ ಹಿಡಿಯುವ ಏರ್ಪಾಡು ಅದರಲ್ಲೂ ಇತ್ತು. ಒತ್ತಡವಿಲ್ಲದೆ ಎಂಥ ರಬ್ಬರೂ ನೀರು ಒರೆಸುವುದಿಲ್ಲ.

ಮೊದಲು ತಪ್ಪು ಎಲ್ಲಿದೆ ನೋಡಿ

ಗಾಜನ್ನು ಸೋಪುನೀರಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಬ್ಲೇಡಿನ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾರು ನಿಂತಿರುವಾಗಲೇ ಗಾಜಿಗೆ ನೀರು ಹಾಕಿ, ವೈಪರನ್ನು ನಿಧಾನದ ವೇಗದಲ್ಲಿ ಓಡಿಸಿ. ಪಟ್ಟೆ ಬೀಳುವ ಕಡೆಯ ಆರ್ಮನ್ನು ಬೆರಳಿನಿಂದ ಹಗುರವಾಗಿ ಒತ್ತಿ ನೋಡಿ. ಒತ್ತಿದಾಗ ಗಾಜು ಸ್ವಚ್ಛ, ಬಿಟ್ಟರೆ ಮತ್ತೆ ಪಟ್ಟೆ ಅಂದರೆ ಬ್ಲೇಡಿನ ತಪ್ಪಲ್ಲ.

ಇನ್ನೊಂದು ಮಾತು. ಯಾರಾದರೂ ಮೂಲ ಅಳತೆಗಿಂತ ಉದ್ದದ ಬ್ಲೇಡ್ ಹಾಕಿದ್ದಾರಾ? ಅದೇ ಸ್ಪ್ರಿಂಗಿನ ಬಲ ಜಾಸ್ತಿ ಉದ್ದಕ್ಕೆ ಹಂಚಿಹೋಗುತ್ತದೆ, ಹಾಗಾಗಿ ಪ್ರತಿ ಇಂಚಿಗೆ ಸಿಗುವ ಒತ್ತಡ ಕಡಿಮೆ. ಮೊದಲು ಸರಿ ಅಳತೆಯ ಬ್ಲೇಡ್ ಹಾಕಿ ನೋಡಿ. ಹಳೇ ಕಾರಿಗೆ ನನ್ನ ಆಯ್ಕೆ ಲೋಹದ ಚೌಕಟ್ಟಿನ ಹಳೇ ಮಾದರಿಯ ಬ್ಲೇಡೇ. ಮೊದಲೇ ಬಾಗಿಸಿ ಮಾಡಿರುವ ಚಪ್ಪಟೆ ಬ್ಲೇಡಿನ ಬಾಗು ಹಳೇ ಗಾಜಿನ ಬಾಗಿಗೆ ಹೊಂದದಿದ್ದರೆ ತುದಿಗಳು ಸರಿಯಾಗಿ ಕೂರುವುದೇ ಇಲ್ಲ.

ತೂಗಿ ನೋಡಿ

ಬ್ಯಾಗ್ ತೂಗುವ ಕೊಕ್ಕೆಯ ತಕ್ಕಡಿ ಇದ್ದರೆ ಈ ಕೆಲಸ ಎರಡು ನಿಮಿಷದ್ದು. ಬ್ಲೇಡ್ ಸೇರುವ ಜಾಗಕ್ಕೆ ಕೊಕ್ಕೆ ಸಿಕ್ಕಿಸಿ, ಗಾಜಿಗೆ ಲಂಬವಾಗಿ ಹೊರಕ್ಕೆ ನಿಧಾನ ಎಳೆಯಿರಿ. ರಬ್ಬರ್ ಗಾಜು ಬಿಡುವ ಕ್ಷಣದ ತೂಕ ಬರೆದುಕೊಳ್ಳಿ. ಬ್ಲೇಡಿನ ಒಂದು ಇಂಚಿಗೆ ಸುಮಾರು 28 ಗ್ರಾಂ ಅನ್ನುವುದು ಬಳಕೆಯಲ್ಲಿರುವ ಲೆಕ್ಕ. ಅಂದರೆ 20 ಇಂಚಿನ ಬ್ಲೇಡಿಗೆ 560 ಗ್ರಾಂ ಆಸುಪಾಸು. ಕಾರಿನಿಂದ ಕಾರಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಆದರೆ 300 ಗ್ರಾಂ ಬಂದರೆ ಅನುಮಾನವೇ ಬೇಡ.

ಇಲ್ಲಿಗೇ ನಿಲ್ಲಿಸಬೇಡಿ. ಆರ್ಮನ್ನು ಸ್ವಲ್ಪ ಎತ್ತಿ, ತಕ್ಕಡಿಯಲ್ಲೇ ಹಿಡಿದು ನಿಧಾನ ಕೆಳಗೆ ಬಿಡುತ್ತಾ ಬನ್ನಿ. ರಬ್ಬರ್ ಗಾಜು ಮುಟ್ಟುವ ಹೊತ್ತಿನ ತೂಕ ನೋಡಿ. ಎತ್ತುವಾಗ 600, ಇಳಿಸುವಾಗ 250 ಅಂತ ದೊಡ್ಡ ಅಂತರ ಬಂದರೆ ಸ್ಪ್ರಿಂಗ್ ಚೆನ್ನಾಗಿದೆ, ಕೀಲು ತುಕ್ಕು ಹಿಡಿದು ಬಿಗಿದುಕೊಂಡಿದೆ. ಎರಡೂ ಕಡಿಮೆ ಇದ್ದರೆ ಸ್ಪ್ರಿಂಗ್ ಸತ್ತಿದೆ. ನಾನು ಕಂಡ ಹಳೇ ಕಾರುಗಳಲ್ಲಿ ಕೀಲಿನ ತಪ್ಪೇ ಜಾಸ್ತಿ. ಅದಕ್ಕೆ ಬೇಕಾದದ್ದು ಎಣ್ಣೆ ಮತ್ತು ತಾಳ್ಮೆ, ಅಷ್ಟೇ. ಸುಮ್ನೆ ಹೊಸ ಆರ್ಮಿಗೆ ದುಡ್ಡು ಸುರಿಯಬೇಡಿ.

ಆರ್ಮ್ ಕಳಚುವುದು

ಕೆಲಸ ಕೆಡುವುದು ಇಲ್ಲಿಯೇ. ಗಾಜು ಒಡೆದುಕೊಂಡವರನ್ನು, ಬಾನೆಟ್ಟಿಗೆ ಗುಳಿ ಬೀಳಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಅವಸರ ಬೇಡ.

ವೈಪರನ್ನು ಒಮ್ಮೆ ಓಡಿಸಿ ನಿಲ್ಲಿಸಿ. ಅದು ತಾನಾಗಿ ತನ್ನ ಜಾಗಕ್ಕೆ ಬಂದು ಮಲಗಬೇಕು. ಆಮೇಲೆ ಕಾರಿನ ಕೀಲಿಕೈ ತೆಗೆಯಿರಿ. ಬ್ಲೇಡ್ ಮಲಗಿರುವ ಗೆರೆಗೆ ಸರಿಯಾಗಿ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಈ ಟೇಪ್ ಅಂಟಿಸದೆ ಕಳಚಿದವರು ಮರಳಿ ಕೂರಿಸುವಾಗ ಪಡುವ ಪಾಡು ಬೇಡ. ಫೋಟೊ ತೆಗೆದರೆ ಸಾಕು ಅಂದುಕೊಳ್ಳಬೇಡಿ. ಫೋಟೊದಲ್ಲಿ ಒಂದು ಹಲ್ಲಿನ ವ್ಯತ್ಯಾಸ ಕಾಣುವುದಿಲ್ಲ. ಚಾಲಕನ ಕಡೆಯದು ಯಾವುದು, ಪಕ್ಕದ್ದು ಯಾವುದು ಅಂತ ಆರ್ಮುಗಳ ಮೇಲೂ ಬರೆದಿಡಿ. ಎರಡೂ ಒಂದೇ ಥರ ಕಾಣುತ್ತವೆ, ಆದರೆ ಬಹಳ ಕಾರುಗಳಲ್ಲಿ ಉದ್ದವೋ ಬಾಗೋ ಬೇರೆ ಇರುತ್ತದೆ.

ಈಗ ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿ. ಆರ್ಮ್ ಕೈಜಾರಿ ಬಿದ್ದರೆ ಸ್ಪ್ರಿಂಗ್ ಅದನ್ನು ಸುತ್ತಿಗೆಯಂತೆ ಗಾಜಿಗೆ ಬಡಿಯುತ್ತದೆ. ಬ್ಲೇಡ್ ಇಲ್ಲದ ಬರೀ ಆರ್ಮ್ ಬಿದ್ದರಂತೂ ಗಾಜು ಸೀಳುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ.

ಬುಡದ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿದರೆ ನಟ್ ಕಾಣುತ್ತದೆ. ಅದನ್ನು ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಎರಡು ಮೂರು ಸುತ್ತು ತಿರುಪಿನ ಮೇಲೆ ಉಳಿದಿರಲಿ. ಒಳಗಿನ ದಂಡ ತುದಿಗೆ ಬರುತ್ತಾ ಸಣ್ಣಗಾಗುತ್ತದೆ, ಅದರ ಮೈಮೇಲೆ ಸಣ್ಣ ಹಲ್ಲುಗಳಿವೆ. ಆರ್ಮಿನ ಬುಡ ಆ ಹಲ್ಲುಗಳನ್ನು ಕಚ್ಚಿ ವರ್ಷಗಟ್ಟಲೆ ಕೂತಿದೆ, ನಟ್ ತೆಗೆದ ಮಾತ್ರಕ್ಕೆ ಏಳುವುದಿಲ್ಲ.

ತುಕ್ಕು ಬಿಡಿಸುವ ಎಣ್ಣೆಯನ್ನು ಬುಡದ ಸುತ್ತ ಹಾಕಿ ಅರ್ಧ ಗಂಟೆ ಬಿಡಿ. ನಂತರ ಆರ್ಮನ್ನು ಗಾಜಿನಿಂದ ಮೇಲೆತ್ತಿ, ಬುಡವನ್ನು ಎರಡೂ ಕೈಯಲ್ಲಿ ಹಿಡಿದು, ಎಡಕ್ಕೂ ಬಲಕ್ಕೂ ಸಣ್ಣದಾಗಿ ಅಲುಗಿಸಿ. ಹಿಡಿತ ಬುಡದಲ್ಲಿರಬೇಕು. ಆರ್ಮಿನ ತುದಿ ಹಿಡಿದು ತಿರುಚಿದರೆ ಆರ್ಮೇ ಬಾಗುತ್ತದೆ. ಟಕ್ ಅಂತ ಒಂದು ಸದ್ದು ಬಂದರೆ ಬಿಟ್ಟಿತು ಅಂತ ಅರ್ಥ. ನೀವು ಬಿಟ್ಟಿದ್ದ ನಟ್ ಇಲ್ಲದಿದ್ದರೆ ಆರ್ಮ್ ಹಾರಿ ಮುಖಕ್ಕೇ ಬರುತ್ತಿತ್ತು.

ಬಿಡಲಿಲ್ಲವಾ? ಎರಡು ಕಾಲಿನ ಸಣ್ಣ ಪುಲ್ಲರ್, ಅಂದರೆ ಬಿಗಿದ ಭಾಗವನ್ನು ಎಳೆದು ಕಳಚುವ ಸಾಧನ, ತನ್ನಿ. ಬ್ಯಾಟರಿ ಟರ್ಮಿನಲ್ ಕಳಚಲು ಬಳಸುವಂಥದ್ದು ಸಾಕು. ಕಾಲುಗಳನ್ನು ಬುಡದ ಕೆಳಗೆ ಸಿಕ್ಕಿಸಿ, ನಡುವಿನ ಸ್ಕ್ರೂ ದಂಡದ ತಲೆಯ ಮೇಲೆ ನೇರ ಕೂರುವಂತೆ ನೋಡಿ ತಿರುಗಿಸಿ. ಬಿಗಿಯಾದ ಮೇಲೆ ಐದು ನಿಮಿಷ ಹಾಗೇ ಬಿಡಿ, ಮತ್ತೆ ಕಾಲು ಸುತ್ತು ತಿರುಗಿಸಿ. ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡವೇ ಬೇಡ. ಆ ಮೀಟಿನ ಭಾರ ಗಾಜಿನ ಅಂಚಿಗೋ ಕೆಳಗಿನ ಪ್ಲಾಸ್ಟಿಕ್ಕಿಗೋ ಬೀಳುತ್ತದೆ. ದಂಡದ ತಲೆಗೆ ಸುತ್ತಿಗೆ ಏಟು ಕೂಡ ಬೇಡ, ಕೆಳಗಿನ ಜೋಡಣೆಗಳು ಕಳಚಿಕೊಳ್ಳುತ್ತವೆ. ಕುದಿಯುವ ನೀರು ಸುರಿಯುವ ಉಪಾಯವನ್ನೂ ಮರೆತುಬಿಡಿ. ತಣ್ಣನೆ ಗಾಜಿಗೆ ಅದು ತಾಗಿದರೆ ಸೀಳು ಬರಬಹುದು.

ಕೀಲು ಮತ್ತು ಸ್ಪ್ರಿಂಗ್

ಆರ್ಮ್ ಕೈಗೆ ಬಂದಿದೆ. ಕೀಲಿನ ಎರಡೂ ಬದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಆರ್ಮನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ. ಕೆಂಪು ನೀರು ಬರುತ್ತದೆ. ಒರೆಸಿ, ಮತ್ತೆ ಎಣ್ಣೆ ಹಾಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಇನ್ನೊಮ್ಮೆ ಆಡಿಸಿ. ತಡೆಯಿಲ್ಲದೆ ಆಡುವವರೆಗೂ ಬಿಡಬೇಡಿ. ಕೀಲಿನ ಪಿನ್ ಸಾಮಾನ್ಯವಾಗಿ ತುದಿ ಬಡಿದು ರಿವೆಟ್ ಮಾಡಿರುತ್ತದೆ, ಅದನ್ನು ಹೊಡೆದು ತೆಗೆಯಲು ಹೋಗಬೇಡಿ. ಕೊನೆಗೆ ಗಟ್ಟಿ ಗ್ರೀಸ್ ತುಂಬಿ. ತುಕ್ಕು ಬಿಡಿಸುವ ಎಣ್ಣೆಯೇ ಸಾಕು ಅಂದುಕೊಂಡರೆ ಅದು ಎರಡು ಮಳೆಗೆ ತೊಳೆದುಹೋಗಿ ಕೀಲು ಮತ್ತೆ ಕಚ್ಚಿಕೊಳ್ಳುತ್ತದೆ.

ಸ್ಪ್ರಿಂಗ್ ಬದಲಿಸಬೇಕಿದ್ದರೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಆರ್ಮನ್ನು ಗಾಜಿನ ಕಡೆಗೆ ಬಾಗುವ ದಿಕ್ಕಿಗೇ ಪೂರ್ತಿ ಮಡಚಿದರೆ ಸ್ಪ್ರಿಂಗ್ ಸಡಿಲಾಗುತ್ತದೆ. ಆಗ ಕೊಕ್ಕೆಗೆ ಗಟ್ಟಿ ದಾರದ ಕುಣಿಕೆ ಹಾಕಿ ಎಳೆದು ಬಿಡಿಸಿ. ಹಳೇ ಸ್ಪ್ರಿಂಗನ್ನೇ ಮಾದರಿಗೆ ಹಿಡಿದು, ಅದೇ ತಂತಿ ದಪ್ಪ, ಅದೇ ಸುತ್ತಿನ ಅಗಲ, ಅದೇ ಉದ್ದದ್ದು ತನ್ನಿ. ಸ್ವಲ್ಪ ಬಲವಾದದ್ದೇ ಇರಲಿ ಅನ್ನುವ ಆಸೆ ಬೇಡ. ಒತ್ತಡ ಅತಿಯಾದರೆ ರಬ್ಬರ್ ತಿರುಗುವಾಗ ಮಗುಚಿಕೊಳ್ಳದೆ ಕಟಕಟ ಕುಣಿಯುತ್ತದೆ, ಬೇಗ ಸವೆಯುತ್ತದೆ, ಮೋಟರಿಗೂ ಭಾರ.

ಹಳೇ ಸ್ಪ್ರಿಂಗಿನ ಒಂದು ಸುತ್ತನ್ನು ಬಗ್ಗಿಸಿ ಹೊಸ ಕೊಕ್ಕೆ ಮಾಡಿ ಗಿಡ್ಡ ಮಾಡುವವರಿದ್ದಾರೆ. ತುಕ್ಕು ತಿಂದ ತಂತಿ ಆ ಬಾಗಿನಲ್ಲೇ ಮುರಿಯುತ್ತದೆ, ಅದೂ ಜೋರು ಮಳೆಯಲ್ಲಿ. ಆರ್ಮಿಗೆ ರಬ್ಬರ್ ಬ್ಯಾಂಡ್ ಸುತ್ತುವುದೂ ಬೇಡ. ಹೊರಗಿನಿಂದ ಸಿಕ್ಕಿಸುವ ಹೆಚ್ಚುವರಿ ಸ್ಪ್ರಿಂಗ್ ಸಿಗುತ್ತದೆ. ಬಿಡಿಭಾಗ ಬರುವವರೆಗೆ ಒಂದು ವಾರ ತಳ್ಳಲು ಅದು ಸರಿ, ಕಾಯಂ ಆಗಿ ಬೇಡ. ಗುಜರಿಯ ಕಾರಿನಿಂದ ಆರ್ಮ್ ತರುವುದಾದರೆ ಕಳಚುವ ಮೊದಲೇ ತಕ್ಕಡಿ ಹಚ್ಚಿ ನೋಡಿ. ಅದೂ ನಿಮ್ಮದರಷ್ಟೇ ಹಳೆಯದು, ಅಲ್ವಾ?

ಆರ್ಮನ್ನು ಬಗ್ಗಿಸಿ ಒತ್ತಡ ಹೆಚ್ಚಿಸಲು ಹೋಗಬೇಡಿ. ಬಗ್ಗಿಸಿದರೆ ರಬ್ಬರಿನ ಕೋನ ಕೆಡುತ್ತದೆ. ಗಾಜಿನ ನಡುವೆ ರಬ್ಬರಿನ ತುಟಿ ನೆಟ್ಟಗೆ ನಿಲ್ಲಬೇಕು.

ಮರಳಿ ಕೂರಿಸುವುದು

ದಂಡದ ಹಲ್ಲುಗಳನ್ನೂ ಬುಡದ ಒಳಗನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ. ಅಲ್ಲಿ ಗ್ರೀಸ್ ಬೇಡ, ಒಣಗಿದ್ದರೇ ಹಿಡಿತ. ಟೇಪಿನ ಗೆರೆಗೆ ಬ್ಲೇಡ್ ಹೊಂದಿಸಿ ಆರ್ಮ್ ಕೂರಿಸಿ, ನಟ್ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಕಾರಿನ ಕೈಪಿಡಿಯಲ್ಲಿರುತ್ತದೆ. ಗಾಜು ಒದ್ದೆ ಮಾಡಿ, ನಿಧಾನದ ವೇಗದಲ್ಲಿ ಮೊದಲು ಓಡಿಸಿ. ಬ್ಲೇಡುಗಳು ಒಂದಕ್ಕೊಂದು ತಾಗದೆ, ಅಂಚಿನ ಕಂಬಕ್ಕೆ ಬಡಿಯದೆ ಟೇಪಿನ ಮೇಲೇ ಬಂದು ನಿಂತರೆ ಟೇಪ್ ಕಿತ್ತು ಹಾಕಿ. ಮತ್ತೊಮ್ಮೆ ತೂಗಿ, ಹಳೇ ಲೆಕ್ಕದ ಪಕ್ಕ ಹೊಸದನ್ನು ಬರೆದಿಡಿ. ಒಂದು ವಾರ ಓಡಿಸಿದ ಮೇಲೆ ಮುಚ್ಚಳ ಎಬ್ಬಿಸಿ ನಟ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹಲ್ಲುಗಳು ಕಚ್ಚಿ ಕೂರುವಾಗ ನಟ್ ಸ್ವಲ್ಪ ಸಡಿಲಾಗುವುದುಂಟು.