ರಕ್ತದ ಗುಂಪಿನಿಂದ ಜೆನೆಟಿಕ್ಸ್ ಕಲಿಯಿರಿ, ಕೈಯಲ್ಲಿ ಪೆನ್ನು ಇರಲಿ

ಸೈನ್ಸ್ ಓದದವರು ಜೆನೆಟಿಕ್ಸ್, ಅಂದರೆ ಅಪ್ಪ ಅಮ್ಮನ ಗುಣಗಳು ಮಕ್ಕಳಿಗೆ ಹೇಗೆ ಬರುತ್ತವೆ ಅನ್ನೋ ವಿಜ್ಞಾನದ ಪುಸ್ತಕ ತೆರೆದು, ತಿರುಚಿದ ಏಣಿಯಂಥ ಡಿಎನ್‌ಎ ಚಿತ್ರ ನೋಡಿ ಅಲ್ಲೇ ನಿಂತುಬಿಡುತ್ತಾರೆ. ಆ ಪಾಠ ಸದ್ಯಕ್ಕೆ ಬೇಡ. ರಕ್ತದ ಗುಂಪಿನಿಂದ ಶುರು ಮಾಡಿ.

ಮೊದಲು ಇಷ್ಟು ಗೊತ್ತಿರಲಿ. ನಮ್ಮ ಜೀವಕೋಶದಲ್ಲಿ ಸಾಮಾನ್ಯವಾಗಿ 46 ಕ್ರೋಮೋಸೋಮ್‌ಗಳು (ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳು), ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲೂ ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ. ಜೀನ್ ಅನ್ನೋದು ಕ್ರೋಮೋಸೋಮ್‌ನ ಒಂದು ತುಂಡು, ಹಾಗಾಗಿ ಬಹುತೇಕ ಜೀನ್‌ಗಳು ನಮ್ಮಲ್ಲಿ ಎರಡೆರಡು ಇರುತ್ತವೆ. ಮಗುವಿಗೆ ಹೋಗುವುದು ಅದರಲ್ಲಿ ಒಂದು ಮಾತ್ರ. ಯಾವುದು ಅನ್ನೋದು ನಾಣ್ಯ ಚಿಮ್ಮಿದ ಹಾಗೆ.

ಈಗ ಕಾಗದ ತಗೊಳ್ಳಿ. ಅಪ್ಪ ಎ ಗುಂಪು, ಅಮ್ಮ ಬಿ ಗುಂಪು, ಮಗು ಓ. ಇದು ಆಗೋದೇ ಇಲ್ಲ ಅಂತ ನಂಬಿ ತಾಯಿಯನ್ನು ಸುಮ್ನೆ ಅನುಮಾನಿಸುವವರಿದ್ದಾರೆ, ಅದಕ್ಕೇ ಈ ಲೆಕ್ಕ ಎಲ್ಲರಿಗೂ ಬರಬೇಕು. ರಕ್ತದ ಗುಂಪಿನ ಜೀನ್‌ಗೆ ಎ, ಬಿ, ಓ ಅಂತ ಮೂರು ರೂಪ, ಅದರಲ್ಲಿ ಓ ಅನ್ನೋದು ಎ ಅಥವಾ ಬಿ ಜೊತೆಗಿದ್ದರೆ ಹೊರಗೆ ಕಾಣುವುದಿಲ್ಲ. ಅಂದಮೇಲೆ ಅಪ್ಪನ ಒಳಗೆ ಎ ಮತ್ತು ಓ, ಅಮ್ಮನ ಒಳಗೆ ಬಿ ಮತ್ತು ಓ ಇರಬಹುದು, ಅಲ್ವಾ? ನಾಲ್ಕು ಮನೆಯ ಚೌಕ ಹಾಕಿ, ಮೇಲೆ ಅಪ್ಪನ ಎರಡು ಅಕ್ಷರ, ಪಕ್ಕದಲ್ಲಿ ಅಮ್ಮನ ಎರಡು ಅಕ್ಷರ ಬರೆದು, ಪ್ರತಿ ಮನೆಯಲ್ಲೂ ಒಂದೊಂದು ಸೇರಿಸುತ್ತಾ ಹೋಗಿ. ಎ-ಬಿ, ಎ-ಓ, ಬಿ-ಓ, ಓ-ಓ. ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು! ಇದಕ್ಕೆ ಪನೆಟ್ ಚೌಕ ಅಂತ ಹೆಸರು.

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಗೂ ಇದೇ ಚೌಕ. ತಂದೆ ತಾಯಿ ಇಬ್ಬರಲ್ಲೂ ಆ ಜೀನ್ ಒಂದೊಂದು ಇದ್ದರೆ, ಅವರಿಗೆ ಕಾಯಿಲೆ ಇಲ್ಲದಿದ್ದರೂ ಮಗುವಿಗೆ ಬರುವ ಸಾಧ್ಯತೆ 4ರಲ್ಲಿ 1. ಜಾಸ್ತಿ ಜನ ಎಡವುವುದು ಇಲ್ಲೇ. ಮೊದಲ ಮಗುವಿಗೆ ಬಂತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಮಗುವಿಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ, ಪ್ರತಿ ಸಲವೂ 4ರಲ್ಲಿ 1.

ಎತ್ತರ, ಮೈಬಣ್ಣಗಳನ್ನು ಈ ಚೌಕಕ್ಕೆ ತುರುಕಬೇಡಿ. ಅವುಗಳ ಹಿಂದೆ ತುಂಬಾ ಜೀನ್‌ಗಳಿವೆ, ಊಟ ಬಿಸಿಲುಗಳ ಪಾಲೂ ಇದೆ.

ಕೊನೆಗೆ ಒಂದು ಲೆಕ್ಕ ನೀವೇ ಮಾಡಿ. ಗಂಡು ಹೆಣ್ಣು ಅಂತ ನಿರ್ಧರಿಸುವ ಕ್ರೋಮೋಸೋಮ್ ಜೋಡಿ ಅಮ್ಮನಲ್ಲಿ ಎರಡು ಎಕ್ಸ್, ಅಪ್ಪನಲ್ಲಿ ಒಂದು ಎಕ್ಸ್ ಒಂದು ವೈ. ಕೆಂಪು-ಹಸಿರು ಬಣ್ಣಗುರುಡಿನ ಜೀನ್ ಇರುವುದು ಎಕ್ಸ್ ಮೇಲೆ. ಅಮ್ಮನ ಒಂದು ಎಕ್ಸ್‌ನಲ್ಲಿ ಮಾತ್ರ ದೋಷವಿದೆ, ಅಪ್ಪನಲ್ಲಿ ಇಲ್ಲ ಅಂದುಕೊಂಡು ಚೌಕ ತುಂಬಿ, ಗಂಡುಮಕ್ಕಳ ಮನೆಗಳನ್ನು ಬೇರೆ ಎಣಿಸಿ. ಎರಡರಲ್ಲಿ ಒಂದು ಬಂದರೆ ನಿಮ್ಮ ಉತ್ತರ ಸರಿ.