ರೊಟ್ಟಿ ಲೆಕ್ಕ ಫೋನಿಗೆ ಬಂದ ಮೇಲೆ

ಕಲಬುರಗಿಯ ಶಹಾಬಜಾರಿನಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಎರಡು ಒಲೆ, ಮೂವರು ಹೆಣ್ಣುಮಕ್ಕಳು, ದಿನಾ 300ರಿಂದ 400 ರೊಟ್ಟಿ. 11 ವರ್ಷದಿಂದ ಇದೇ ಕೆಲಸ. ರೊಟ್ಟಿ ಬಡಿಯುವುದು ನನಗೆ ಯಾವತ್ತೂ ಭಾರ ಅನಿಸಿಲ್ಲ. ನಾಳೆ ಎಷ್ಟು ಬಡಿಯಬೇಕು ಅನ್ನೋದು ಗೊತ್ತಾಗದೇ ಇರುವುದೇ ದೊಡ್ಡ ಕಷ್ಟವಾಗಿತ್ತು.

ಜೋಳದ ಹಿಟ್ಟು ಬೀಸಿಸಿ ಹೆಚ್ಚು ದಿನ ಇಟ್ಟರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ. ಅದಕ್ಕೇ ನಾವು ಎರಡು ದಿನಕ್ಕಾಗುವಷ್ಟೇ ಬೀಸಿಸುತ್ತೇವೆ. ನನ್ನ ಕೈ ಅಳತೆಗೆ ಕಿಲೋ ಹಿಟ್ಟಿಗೆ 16ರಿಂದ 18 ರೊಟ್ಟಿ. ಆದರೆ ಆರ್ಡರ್ ಬರುತ್ತಿದ್ದದ್ದು ಹೇಗೆ? ಒಬ್ಬರು ಫೋನ್ ಮಾಡುತ್ತಿದ್ದರು, ಒಬ್ಬರು ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು, ಇನ್ನೊಬ್ಬರು ಮಗನ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಕೈ ತುಂಬ ಹಿಟ್ಟು ಇರುವಾಗ ಬರೆದುಕೊಳ್ಳುವುದು ಎಲ್ಲಿ? ಒಂದು ದಿನ 60 ರೊಟ್ಟಿ ಉಳಿದರೆ ಮರುದಿನ 40 ಕಡಿಮೆ ಬೀಳುತ್ತಿತ್ತು.

2021ರಲ್ಲಿ ನನ್ನ ತಂಗಿಯ ಮಗಳು ವಾಟ್ಸಾಪ್ ಬಿಸಿನೆಸ್ ಹಾಕಿಕೊಟ್ಟಳು. ಅದಕ್ಕಂತ ಬೇರೆ ಸಿಮ್ ತಗೊಂಡೆ. ಅದರಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಲೇಬಲ್. ಪ್ರತಿ ಗಿರಾಕಿಯ ಹೆಸರಿಗೆ ಒಂದು ಬಣ್ಣದ ಗುರುತು ಹಚ್ಚಬಹುದು. ನಾನು ಮೂರೇ ಇಟ್ಟಿದ್ದೇನೆ: ‘ನಾಳೆಗೆ’, ‘ರೊಕ್ಕ ಬಾಕಿ’, ‘ಮುಗೀತು’. ರಾತ್ರಿ 8ಕ್ಕೆ ಆರ್ಡರ್ ಬಂದ್. ‘ನಾಳೆಗೆ’ ಒತ್ತಿದರೆ ಎಲ್ಲರ ಹೆಸರು ಒಂದೇ ಕಡೆ ಬರುತ್ತದೆ. ಕೂಡಿಸಿ, 17ರಿಂದ ಭಾಗಿಸಿ, ಗಿರಣಿಗೆ ಎಷ್ಟು ಕಿಲೋ ಅಂತ ಹೇಳಿ ಕಳಿಸುತ್ತೇನೆ.

ಒಂದು ತೊಡಕು ಇತ್ತು. ನಮ್ಮ ಕಡೆ ಜನ ಬರೆಯುವುದು ಕಡಿಮೆ, ವಾಯ್ಸ್ ಮೆಸೇಜ್ ಜಾಸ್ತಿ. “ಅಕ್ಕಾ, ನಾಳಿಗಿ ನಲವತ್ತು ಬೇಕ್ರಿ, ಮತ್ತ ಶೇಂಗಾ ಹಿಂಡಿ ಅರ್ಧಾ ಕಿಲೋ.” (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿ ಪುಡಿ.) ಕೇಳಲು ಸುಲಭ, ಆದರೆ ನಾಲ್ಕು ದಿನದ ಮೇಲೆ ಹುಡುಕಲು ಹೋದರೆ ಸಿಗುವುದಿಲ್ಲ. ಅದಕ್ಕೆ ಈಗ ಪ್ರತಿಯೊಂದಕ್ಕೂ ಅಕ್ಷರದಲ್ಲಿ ಉತ್ತರ ಕೊಡುತ್ತೇನೆ: ‘40 ಕಡಕ್ ರೊಟ್ಟಿ, ಹಿಂಡಿ ಅರ್ಧ ಕಿಲೋ, ಬೆಳಿಗ್ಗೆ 7’. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೆ ಅದೇ ಟೈಪ್ ಮಾಡುತ್ತದೆ. ನಮ್ಮ ಕಲಬುರಗಿ ಮಾತು ಕೆಲವೊಮ್ಮೆ ತಪ್ಪಾಗಿ ಬರುತ್ತದೆ, ಸ್ವಲ್ಪ ನಿಧಾನ, ಬಿಡಿಸಿ ಹೇಳಬೇಕು. ಅವರು ‘ಹೂಂ’ ಅಂದಮೇಲೇ ಲೇಬಲ್. ಇದು ಬಂದಮೇಲೆ “ನಾ ಐವತ್ತು ಹೇಳಿದ್ದೆ” ಅನ್ನುವ ಜಗಳ ನಿಂತುಹೋಯಿತು.

ವಾಟ್ಸಾಪಿನ ಕ್ಯಾಟಲಾಗಿಗೆ ಫೋಟೋ ಹಾಕುವಾಗ ಒಂದು ಕಲಿತೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಬಸ್ಸಿನ ಪಾರ್ಸಲ್ಲಿಗೆ ಕಡಕ್ ರೊಟ್ಟಿ ತರಿಸಿಕೊಳ್ಳುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಎಷ್ಟು ದೊಡ್ಡದು? ಕಿಟಕಿ ಬೆಳಕಿಗೆ ರೊಟ್ಟಿ ಇಟ್ಟು, ಪಕ್ಕದಲ್ಲಿ ನೀರು ಕುಡಿಯುವ ಸ್ಟೀಲ್ ಗ್ಲಾಸ್ ಇಟ್ಟು ಫೋಟೋ ತೆಗೆದೆ. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ರೊಕ್ಕದ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದೆ. ಕಾರ್ಯಕ್ರಮ ಅಂತ ಒಬ್ಬರು 250 ರೊಟ್ಟಿ ಒಯ್ದರು. “ರೊಕ್ಕ ಹಾಕೀನ್ರಿ ಅಕ್ಕಾ, ನೋಡ್ರಿ” ಅಂತ ತಮ್ಮ ಫೋನು ತೋರಿಸಿದರು. ಹಸಿರು ಟಿಕ್ ಇತ್ತು, ಮೊತ್ತ ಸರಿ ಇತ್ತು. ರಾತ್ರಿ ಖಾತೆ ನೋಡಿದರೆ ಏನೂ ಬಂದಿಲ್ಲ. ಅವರ ನಂಬರ್ ಬಂದ್. ಎರಡು ದಿನ ಕಳೆದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ರೊಕ್ಕ ಸಿಗಲಿಲ್ಲ. ಮೂರು ಹೆಣ್ಣುಮಕ್ಕಳ ಒಂದು ಇಡೀ ಬೆಳಗಿನ ದುಡಿಮೆ ಅದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಅಂದಿನಿಂದ ನಮ್ಮಲ್ಲಿ ಯಾರೂ ಗಿರಾಕಿಯ ಫೋನು ನೋಡುವುದಿಲ್ಲ. ಸೌಂಡ್ ಬಾಕ್ಸ್ ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಅನ್ನಬೇಕು, ಇಲ್ಲವೇ ನಮ್ಮ ಖಾತೆಯಲ್ಲಿ ಕಾಣಬೇಕು. ಇನ್ನೊಂದು ಮಾತು ಒಲೆ ಮುಂದೆ ಕೂತವರಿಗೆಲ್ಲ ಹೇಳಿಟ್ಟಿದ್ದೇನೆ: ರೊಕ್ಕ ನಮಗೆ ಬರಬೇಕಾದರೆ ಪಿನ್ ಬೇಕಾಗಿಲ್ಲ. ಪಿನ್ ಹಾಕು ಅಂದರೆ ನಮ್ಮದೇ ರೊಕ್ಕ ಹೋಗುತ್ತದೆ.

ಉದ್ರಿ ವಹಿಯನ್ನೂ ಗೂಗಲ್ ಶೀಟಿಗೆ ಏರಿಸಿದೆ. ತಾರೀಖು, ಹೆಸರು, ಏನು ಒಯ್ದರು, ಬಾಕಿ, ಅಷ್ಟೇ. ಮೂರು ತಿಂಗಳ ಲೆಕ್ಕ ಒಟ್ಟಿಗೆ ನೋಡಿದಾಗ ಒಂದು ವಿಷಯ ಕಂಡಿತು. ನಮಗೆ ರೊಟ್ಟಿಗಿಂತ ಶೇಂಗಾ ಹಿಂಡಿ, ಅಗಸಿ ಹಿಂಡಿಯಲ್ಲಿ ಜಾಸ್ತಿ ಉಳಿಯುತ್ತಿತ್ತು. 10 ವರ್ಷ ಮಾಡಿದರೂ ಇದು ನನಗೆ ಗೊತ್ತಿರಲಿಲ್ಲ, ನೋಡಿ. ಈಗ ವಾರಕ್ಕೆ ಎರಡು ದಿನ ಹಿಂಡಿ ಕುಟ್ಟುತ್ತೇವೆ.

ಮನೆಗೂ ಅದೇ ಫೋನು. ಅತ್ತೆಯ ಬಿಪಿ ಗುಳಿಗೆಗೆ ಎರಡು ಹೊತ್ತು ಅಲಾರಾಂ ಇದೆ. ಡಾಕ್ಟರ ಚೀಟಿ, ಮಕ್ಕಳ ಅಂಕಪಟ್ಟಿ, ಕರೆಂಟ್ ಬಿಲ್ ಎಲ್ಲದರ ಫೋಟೋ ಒಂದೊಂದು ಫೋಲ್ಡರಿನಲ್ಲಿವೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ದೊಡ್ಡ ಪರೀಕ್ಷೆ. ಊರಿಗೆ ಊರೇ ಹೊಲಕ್ಕೆ ಚರಗ ಚೆಲ್ಲಲು (ಅಡಿಗೆಯನ್ನು ಭೂತಾಯಿಗೆ ಎಡೆಯಾಗಿ ಚೆಲ್ಲಲು) ಹೋಗುತ್ತದೆ, ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕು. ಹಿಂದೆ ಆ ವಾರ ನಿದ್ದೆ ಇರುತ್ತಿರಲಿಲ್ಲ. ಈ ಸಲ ಎಂಟು ದಿನ ಮೊದಲೇ, ಒಂದೇ ಸಲಕ್ಕೆ ಬಹಳ ಜನರಿಗೆ ಹೋಗುವ ಬ್ರಾಡ್‌ಕಾಸ್ಟ್ ಮೆಸೇಜ್ ಹಾಕಿದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಹಾಗಾಗಿ ಹೊಸ ಗಿರಾಕಿ ಬಂದಾಗಲೇ “ನಂಬರ್ ಸೇವ್ ಮಾಡ್ಕೊಳ್ರಿ” ಅಂತ ಹೇಳಿರುತ್ತೇನೆ. ಹಿಂದಿನ ರಾತ್ರಿ ಕೂಡಿಸಿದರೆ ಸಜ್ಜಿ, ಜೋಳ ಸೇರಿ 640 ರೊಟ್ಟಿ. 38 ಕಿಲೋ ಹಿಟ್ಟು ಬೀಸಿಸಿದೆವು. ಬೆಳಗಿನ ಜಾವ ಕೊನೆಯ ಪೊಟ್ಟಣ ಕಟ್ಟಿದಾಗ ಬುಟ್ಟಿಯಲ್ಲಿ ಒಂದು ಬೋಗುಣಿ ಹಿಟ್ಟು ಉಳಿದಿತ್ತು. ಅದರಲ್ಲಿ ನಮ್ಮ ಬುತ್ತಿಗೆ ರೊಟ್ಟಿ ಬಡಿದು, 9ಕ್ಕೆಲ್ಲ ನಾವೂ ಹೊಲದ ದಾರಿ ಹಿಡಿದೆವು.